ಲಗಮವ್ವನ ಉಡಕಿಗೆ ಅಡ್ಡ ಬಂದ ಬಾಲಚಿಕ್ಕಿ

ರಾಯಪ್ಪ ಸತ್ತ ಮೂರನೆಯ ತಿಂಗಳಿಗೆ, ಅವನ ಹೆಂಡತಿ ಲಗಮವ್ವ ತವರಿನಿಂದ ಹೊಡೆದುಕೊಂಡು ಬಂದಿದ್ದ ಕುರಿಗಳ ಎಡಗಿವಿಗೆ ರಾಯಪ್ಪನ ಅಣ್ಣ ವೀರಪ್ಪ ತನ್ನ ಗುರುತು ಕೊಯ್ದ.

ಆ ಕುರಿಗಳ ಬಲಗಿವಿಯಲ್ಲಿ ಲಗಮವ್ವನ ಅಪ್ಪನ ಗುರುತು ಮೊದಲೇ ಇತ್ತು. ಕುರುಬರಲ್ಲಿ ಕಿವಿಯ ಗುರುತು ನೋಡಿಯೇ ಕುರಿ ಯಾರದೆಂದು ಹೇಳುವುದು. ಒಂದೇ ಕುರಿಗೆ ಇಬ್ಬರ ಗುರುತು ಬಿದ್ದರೆ ಅದು ಕುರಿಯಾಗಿ ಉಳಿಯುವುದಿಲ್ಲ, ವ್ಯಾಜ್ಯವಾಗುತ್ತದೆ. ಕೊಯ್ಯುವಷ್ಟು ಹೊತ್ತೂ ಲಗಮವ್ವ ಬಾಜೂಕ್ಕೆ ನಿಂತು ನೋಡಿದಳು. ಕೊನೆಯ ಕುರಿ ತಲೆ ಕೊಡವಿಕೊಂಡು ಓಡಿದ ಮೇಲೆ ಮುಂದೆ ಬಂದು, ಸೆರಗು ಸರಿಸಿ, ತನ್ನ ಕಿವಿ ಹಿಡಿದು ತೋರಿಸಿದಳು.

“ಭಾವಾ, ಇದೊಂದು ಉಳೀತು ನೋಡು. ಚೂರಿ ಹರತ ಇದ್ದಾಗನ ಕೊಯ್ದ್ಬಿಡು.”

“ಕೊಯ್ಯೂದಾದ್ರ ನಿನ್ನ ನಾಲಿಗಿ ಕೊಯ್ಬೇಕು,” ಎಂದ ವೀರಪ್ಪ ಚೂರಿಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ.

ವೀರಪ್ಪನ ಅವಸರಕ್ಕೆ ಕಾರಣವಿತ್ತು. ಗಂಡ ಸತ್ತವಳು ಇನ್ನೊಬ್ಬನ ಮನೆಗೆ ಹೋಗುವುದು ಅವರ ಕುಲದಲ್ಲಿ ಹೊಸತಲ್ಲ, ಪಾಪವೂ ಅಲ್ಲ. ಅದಕ್ಕೆ ಉಡಕಿ ಎನ್ನುತ್ತಾರೆ. ಗಂಡು ಒಂದು ಹೊಸ ಸೀರೆ ತಂದು ಉಡಿಸಿದರೆ ಮುಗಿಯಿತು. ಆದರೆ ಅದನ್ನು ಕಳ್ಳತನ ಮಾಡಿದಂತೆ ಮಾಡಬೇಕು: ಅಮಾವಾಸ್ಯೆಯ ಕತ್ತಲಲ್ಲಿ, ಊರ ಹೊರಗೆ, ದೀಪವಿಲ್ಲದೆ, ಡೊಳ್ಳಿಲ್ಲದೆ, ಮುತ್ತೈದೆಯರ ಕಣ್ಣಿಗೆ ಬೀಳದೆ. ಮೊದಲ ಮದುವೆಗೆ ಬಂದು ಅಕ್ಕಿಕಾಳು ಒಗೆದು, ಹೋಳಿಗೆ ಕತ್ತರಿಸಿ, ಸಾರು ಸಪ್ಪೆ ಎಂದು ಬೈದು ಹೋದ ಊರೇ ಎರಡನೆಯದಕ್ಕೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತದೆ. ಹಾಗೆ ಹೋಗುವವಳು ಸತ್ತ ಗಂಡನದನ್ನೆಲ್ಲ ಬಿಟ್ಟು ಹೋಗಬೇಕು. ತವರಿನಿಂದ ತಂದದ್ದನ್ನು ಮಾತ್ರ ಒಯ್ಯಬಹುದು. ಅಂದರೆ ಲಗಮವ್ವ ಉಡಕಿ ಹೋದರೆ ಆ ಕುರಿಗಳೂ ಹೋಗುತ್ತಿದ್ದವು. ಜೊತೆಗೆ ಬೆಳಗಿನಿಂದ ಬೈಗಿನ ತನಕ ಸಂಬಳವಿಲ್ಲದೆ ಉಣ್ಣೆ ನೂಲುವ ಎರಡು ಕೈಗಳೂ ಹೋಗುತ್ತಿದ್ದವು. ವೀರಪ್ಪ ಅತ್ತದ್ದು ತಮ್ಮ ಸತ್ತಾಗ ಒಂದು ಸಲ. ಇದನ್ನು ಯೋಚಿಸಿದಾಗಲೆಲ್ಲ ಇನ್ನೊಂದು ಸಲ.

ಕೇಳಿ ಬಂದವನು ಹೊಳೆಪ್ಪ. ಹುಕ್ಕೇರಿ ಕಡೆಯ ಕುರುಬ, ಹೆಂಡತಿ ಸತ್ತವನು. ಗೋಕಾಕದ ಸಂತೆಯಲ್ಲಿ ಕಂಬಳಿ ಹರವಿಕೊಂಡು ಕೂತಿದ್ದಾಗ ಲಗಮವ್ವ ಬಂದು ಒಂದನ್ನು ಮುಟ್ಟಿ, “ಇದು ಭಾಳ ಚುಚ್ಚತೈತಿ,” ಅಂದಳು. “ಎರಡ್ ಮಳಿಗಾಲ ಹೊದ್ದರ ಮೆತ್ತಗಾಕ್ಕೈತಿ,” ಅಂದ ಅವನು. “ಮೀಸಿಗೂ ಹಂಗ ಹೇಳ್ತಿಯೇನು?” ಎಂದು ಕೇಳಿ ಮುಂದೆ ನಡೆದಳು. ಮುಂದಿನ ಸಂತೆಗೆ ಹೊಳೆಪ್ಪ ಮೀಸೆ ತೆಗೆಸಿಕೊಂಡು ಬಂದಿದ್ದ. ಅದಾದ ಮೇಲೆ ಮಾತುಕತೆಗೆ ಹೆಚ್ಚು ದಿನ ಬೇಕಾಗಲಿಲ್ಲ. ಕುಲದ ಹಿರಿಯ ಶಿದ್ರಾಮಜ್ಜ ಛಟ್ಟಿ ಅಮಾವಾಸ್ಯೆಗೆ ಉಡಕಿ ಎಂದು ಹೇಳಿ, ಇಬ್ಬರ ಹಣೆಗೂ ಬೀರಪ್ಪ ದೇವರ ಅರಿಸಿನದ ಭಂಡಾರ ಹಚ್ಚಿದ. ಅದು ಸ್ವಾತಂತ್ರ್ಯ ಬಂದ ವರ್ಷ. ಲಗಮವ್ವನ ಪಾಲಿನದು ನಾಲ್ಕು ತಿಂಗಳು ತಡವಾದರೂ ಬರುತ್ತದಲ್ಲ ಎಂದು ಆಕೆ ನಂಬಿದ್ದಳು.

ಆಗ ಅವರ ಹಿಂಡು ಕುಲಗೋಡದ ನೇಮಣ್ಣ ಸಾವುಕಾರನ ಹೊಲದಲ್ಲಿ ತಂಗಿತ್ತು. ಹಿಂಡು ಹೊಲದಲ್ಲಿ ಮಲಗಿದರೆ ನೆಲಕ್ಕೆ ಹಿಕ್ಕೆಯ ಗೊಬ್ಬರ, ಕುರುಬರಿಗೆ ಜೋಳ. ಅಮಾವಾಸ್ಯೆಗೆ ಇನ್ನು ನಾಲ್ಕೈದು ದಿನ ಇದ್ದಾಗ, ಹೊತ್ತು ಮುಳುಗುತ್ತಲೇ ಲಗಮವ್ವ ಕುರಿಗಳನ್ನು ಹಟ್ಟಿಗೆ ಕೂಡುತ್ತಿದ್ದಳು. ವೀರಪ್ಪನ ಹೆಂಡತಿ ಉದ್ದವ್ವ ಒಲೆಯ ಮುಂದಿನಿಂದ ಕಿಟಾರನೆ ಕಿರುಚಿದಳು. ಸೂರ್ಯ ಮುಳುಗಿದ ಜಾಗಕ್ಕೆ ತುಸು ಎಡಕ್ಕೆ, ಕಬ್ಬಿನ ಗರಿಗಳಿಗೆ ತಾಗುವಷ್ಟು ಕೆಳಗೆ ಒಂದು ಬೆಂಕಿಯ ಮುದ್ದೆ ನಿಂತಿತ್ತು. ಅದರ ಬಾಲ ಮೇಲಕ್ಕೆ ಎದ್ದು ಅಗಲವಾಗಿ ಬಿಚ್ಚಿಕೊಂಡಿತ್ತು. ಬಾಲಚಿಕ್ಕಿ, ಅಂದರೆ ಬಾಲವಿರುವ ನಕ್ಷತ್ರ.

ಮರುದಿನವೇ ಶಿದ್ರಾಮಜ್ಜ ಹಿರಿಯರನ್ನು ಕೂಡಿಸಿದ. ಕೂಡಿಸಿದ್ದು ಅವನು, ಎಬ್ಬಿಸಿಕೊಂಡು ಬಂದದ್ದು ವೀರಪ್ಪ.

“ಉಡಕಿ ಯಾರೂ ನೋಡಬಾರದು ಅಂತ ಹಿಂದಿನವ್ರು ಹಾಕಿದ ಕಟ್ಟು,” ಎಂದ ಶಿದ್ರಾಮಜ್ಜ. “ಇದು ಮ್ಯಾಲಿಂದ ಬಾಲ ಬಿಟ್ಕೊಂಡು ನೋಡಾಕತ್ತೈತಿ. ಇದು ಹೋಗೂತನಕ ಉಡಕಿ ಇಲ್ಲ.”

“ಅದಕ್ಕ ಕಣ್ಣು ಎಲ್ಲಿ ಅದಾವು ಯಜ್ಜಾ?” ಎಂದಳು ಲಗಮವ್ವ. “ಬರೇ ಬಾಲ ಐತಿ. ಬಾಲಲೇ ನೋಡತೈತೇನು?”

ಕೂತವರಲ್ಲಿ ಒಬ್ಬಿಬ್ಬರು ನಕ್ಕು, ಶಿದ್ರಾಮಜ್ಜನ ಮುಖ ನೋಡಿ ಕೆಮ್ಮಿದರು.

“ತಲಿ ಬಿಚ್ಕೊಂಡು ನಿಂತಾಳ, ನೋಡ್ರಿ,” ಆಕೆ ಬಿಡಲಿಲ್ಲ. “ಅಕಿನೂ ಗಂಡ ಸತ್ತಾಕಿನ ಇರಬೇಕು. ನನ್ನ ಮದಿವಿ ಅಕಿ ನೋಡಿದ್ರ ನಿಮ್ಮದೇನ್ ಹೋಗತೈತಿ? ಮತ್ತ ನಾವು ಅಂಬಲಿ ಕುಡಿಯೂದ್ರಾಗ ಮುಳುಗಿ ಹೋಗತೈತಿ. ಉಡಕಿ ನಡುರಾತ್ರಿಗೆ.”

“ಬೀಗ ತಂಬಿಗಿ ತಗೊಂಡ್ ಬಯಲಕಡೆ ಹೋದ್ರ ಊರು ಬಿಟ್ಟು ಹೋದಂಗೇನ?” ಎಂದ ವೀರಪ್ಪ. “ನಾಳಿ ಸಂಜಿಗೆ ಮತ್ತ ಬರತೈತಿ. ಬರೂತನಕ ಇಲ್ಲೇ ಐತಿ ಅಂತನ ಅರ್ಥ.”

ಈ ಮಾತು ಹಿರಿಯರಿಗೆ ಬಹಳ ಹಿಡಿಸಿತು. ಆ ವರ್ಷ ದೇಶ ಎರಡಾಗಿತ್ತು, ರೈಲುಗಳಲ್ಲಿ ಹೆಣ ಬರುತ್ತಿದ್ದವು, ಕಂಟ್ರೋಲ್ ಅಂಗಡಿಯ ಅರಿವೆಗೆ ಜನ ಬಿಸಿಲಲ್ಲಿ ಸಾಲು ನಿಲ್ಲುತ್ತಿದ್ದರು. ಆದರೂ ಅಷ್ಟು ದೂರದಿಂದ ಉರಿದುಕೊಂಡು ಬಂದ ಬಾಲಚಿಕ್ಕಿ ಬಂದದ್ದು ಲಗಮವ್ವ ಹೊಸ ಸೀರೆ ಉಡುತ್ತಾಳೋ ಇಲ್ಲವೋ ಎಂದು ನೋಡಲಿಕ್ಕೇ ಎಂಬುದರಲ್ಲಿ ಕೂತವರಾರಿಗೂ ಸಂಶಯ ಇರಲಿಲ್ಲ.

ಛಟ್ಟಿ ಅಮಾವಾಸ್ಯೆ ಹೋಯಿತು. ಹೊಳೆಪ್ಪ ಸೀರೆಯ ಗಂಟು ಹೊತ್ತುಕೊಂಡು ಬಂದವನು ಹಾಗೆಯೇ ಹೊತ್ತುಕೊಂಡು ಹುಕ್ಕೇರಿಯ ದಾರಿ ಹಿಡಿದ. ಆದರೆ ಬಾಲಚಿಕ್ಕಿಗೆ ವೀರಪ್ಪನಷ್ಟು ಹಟ ಇರಲಿಲ್ಲ. ದಿನದಿನಕ್ಕೂ ಸೊರಗಿತು, ಹೊಗೆಯ ಗೆರೆಯಾಯಿತು, ಒಂದು ಸಂಜೆ ಇಲ್ಲವಾಯಿತು. ಲಗಮವ್ವ ಅಂದು ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದಳು. ಎಳ್ಳ ಅಮಾವಾಸ್ಯೆಗೆ ಬರಬೇಕೆಂದು ಹೊಳೆಪ್ಪನಿಗೆ ಹೇಳಿ ಕಳಿಸಿದಳು.

ಅದನ್ನು ಕೆಡಿಸಿದ್ದು ಒಂದು ವರ್ತಮಾನಪತ್ರ.

ನೇಮಣ್ಣ ಸಾವುಕಾರನಿಗೆ ಮರಾಠಿ ಪತ್ರಿಕೆ ಬರುತ್ತಿತ್ತು. ಜೈನರ ಪೈಕಿ ಕಟ್ಟುನಿಟ್ಟಿನ ಮನುಷ್ಯ. ಕತ್ತಲಾದ ಮೇಲೆ ಉಂಡರೆ ಕಾಣದ ಹುಳ ಬಾಯಿಗೆ ಹೋದಾವೆಂದು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವವನು. ಹೀಗಾಗಿ ಊರಿನ ಒಲೆಗಳೆಲ್ಲ ಹೊಗೆಯಾಡುವ ಹೊತ್ತಿಗೆ ಕುಲಗೋಡದಲ್ಲಿ ಕೆಲಸವಿಲ್ಲದೆ, ಹೊಟ್ಟೆ ತುಂಬಿ, ತೇಗುತ್ತ ಕೂತವನು ಅವನೊಬ್ಬನೇ. ಅವನ ಕೈಯಲ್ಲಿ ದುರ್ಬೀನೂ ಇತ್ತು. ದೊಡ್ಡ ಯುದ್ಧ ಮುಗಿದ ಮೇಲೆ ಬೆಳಗಾವಿ ಕ್ಯಾಂಪಿನಲ್ಲಿ ಹರಾಜಿಗೆ ಬಂದದ್ದನ್ನು ಕೊಂಡು ತಂದಿದ್ದ. ಅದರ ತೊಗಲಿನ ಪಟ್ಟಿ ಮೈಗೆ ತಾಗಬಾರದೆಂದು ಕಿತ್ತೆಸೆದು ನೂಲಿನ ದಾರ ಕಟ್ಟಿಕೊಂಡಿದ್ದ. ಮಾಳಿಗೆಯ ಮೇಲೆ ನಿಂತು ತನ್ನ ಹೊಲದ ಆಳುಗಳು ಎಷ್ಟು ಸಲ ಬೆನ್ನು ನೆಟ್ಟಗೆ ಮಾಡಿದರು ಎಂದು ಅದರಲ್ಲಿ ನೋಡುತ್ತಿದ್ದ. ಹುಳಕ್ಕೆ ನೋವಾಗಬಾರದು, ಆಳಿನ ಬೆನ್ನು ಹುಳವಲ್ಲ.

ಅಂಥ ನೇಮಣ್ಣ ಒಂದು ದಿನ ಹಟ್ಟಿಯ ಬಳಿ ಬಂದು ಪತ್ರಿಕೆ ಬಿಚ್ಚಿದ.

“ಕೇಳ್ರೆಪಾ. ಆಫ್ರಿಕಾದಾಗ ದೊಡ್ಡ ದುರ್ಬೀನು ಹಚ್ಚಿ ನೋಡ್ಯಾರಂತ. ಆ ಧೂಮಕೇತೂಂದು ತಲಿ ಒಡದು ಎರಡಾಗೇತಿ.”

“ಎರಡ?” ಎಂದು ವೀರಪ್ಪ ಕೂತಲ್ಲಿಂದ ಎದ್ದ. ಅವನ ಮುಖದಲ್ಲಿ ಅಂಥ ಕಳೆಯನ್ನು ಲಗಮವ್ವ ಹಿಂದೆ ಕಂಡದ್ದು ಕುರಿಗೆ ಅವಳಿ ಮರಿ ಹುಟ್ಟಿದಾಗ.

“ಖರೆ. ಇಲ್ಲಿ ಬರದಾರ.”

“ಹಂಗಾರ ಹೋದದ್ದು ಒಂದಾತು. ಇನ್ನೊಂದೆಲ್ಲಿ?”

ಆ ಪ್ರಶ್ನೆ ಶಿದ್ರಾಮಜ್ಜನ ಮುಂದೆ ಹೋಯಿತು. ಶಿದ್ರಾಮಜ್ಜ ಕೆಟ್ಟವನಲ್ಲ, ಕಟ್ಟು ಮುರಿದ ಹಿರಿಯ ಎಂದು ತನ್ನ ಹೆಸರು ಉಳಿಯುವುದೆಂಬ ಅಂಜಿಕೆ ಅವನದು. ಆ ಅಂಜಿಕೆಯಿಂದಲೇ ಊರಿನ ಅರ್ಧ ಅನ್ಯಾಯ ನಡೆಯುತ್ತಿತ್ತು. ಗಡ್ಡ ಕೆರೆದುಕೊಂಡು ಹೇಳಿದ: “ಇನ್ನೊಂದು ತುಂಡು ಹುಡುಕ್ರಿ. ಅದೂ ಹೋದದ್ದು ಕಣ್ಣಿಗೆ ಕಂಡ ಮ್ಯಾಲ ಉಡಕಿ.”

“ಯಜ್ಜಾ,” ಎಂದಳು ಲಗಮವ್ವ, “ಕಂಡ್ರ ಐತಿ ಅಂತೀರಿ. ಕಾಣದಿದ್ರ ಹುಡುಕಿಲ್ಲ ಅಂತೀರಿ. ಹೋದದ್ದು ಕಾಣೂದು ಹೆಂಗ?”

“ಹೋಗೂ ಮುಂದ ನೋಡಬೇಕು,” ಎಂದ ಶಿದ್ರಾಮಜ್ಜ. ತನ್ನ ಮಾತು ತನಗೇ ಸರಿ ಕಂಡಿತೆಂದು ಅವನು ಇನ್ನೊಮ್ಮೆ ತಲೆಯಾಡಿಸಿದ.

ಹಾಗೆ ಕುಲಗೋಡದಲ್ಲಿ ಆಕಾಶದ ತಲಾಶು ಸುರುವಾಯಿತು. ಸಂಜೆಯಾದರೆ ನೇಮಣ್ಣನ ಹೊಲದ ದಿನ್ನೆಯ ಮೇಲೆ ಜನ. ನೇಮಣ್ಣ ತೇಗುತ್ತ ದುರ್ಬೀನು ತರುವನು. ಮೊದಲ ಹಕ್ಕು ವೀರಪ್ಪನದು. ಲಗಮವ್ವ ಕೆಳಗೆ ಹಟ್ಟಿಯ ಬೇಲಿಗೆ ಒರಗಿ ನಿಂತಿರುವಳು.

“ಸಿಕ್ತ! ಸಿಕ್ತ! ಕೆಂಪಗ ಐತಿ, ನೆಲಕ್ಕ ಹತ್ತಿ ಐತಿ!” ಎಂದು ವೀರಪ್ಪ ಮೊದಲ ಸಂಜೆಯೇ ಕೂಗಿದ.

“ಅದು ನಮ್ಮ ಗಾಣದ ಒಲಿ,” ಎಂದ ನೇಮಣ್ಣ ದುರ್ಬೀನು ಇಸಿದುಕೊಂಡು. “ಬೆಲ್ಲ ಕಾಸಾಕತ್ತಾರ.”

ಮರುದಿನ ವೀರಪ್ಪನಿಗೆ ಫಳಫಳ ಹೊಳೆಯುವ ಒಂದು ದಪ್ಪ ತುಂಡು ಸಿಕ್ಕಿತು.

“ಭಾವಾ, ಅದು ಬೆಳ್ಳಿ!” ಎಂದು ಲಗಮವ್ವ ಕೆಳಗಿನಿಂದ ಕೂಗಿದಳು. “ನೀನು ಹುಟ್ಟೂ ಮೊದಲಿಂದ ಅಲ್ಲೇ ಐತಿ. ಅದರ ಕಿವಿಗೂ ನಿನ್ನ ಗುರುತು ಹಾಕಿ ಬರ್ತಿಯೇನು?”

ಈ ಸಲ ನಕ್ಕವರು ಕೆಮ್ಮಲಿಲ್ಲ. ಆದರೆ ನಗೆಯಿಂದ ಉಡಕಿಯಾಗಲಿಲ್ಲ. ಕಾಣದ ದಿನಗಳು ಕೂಡುತ್ತಾ ಹೋದಂತೆ ವೀರಪ್ಪನ ವಿದ್ಯೆಯೂ ಬೆಳೆಯಿತು. ಒಡೆದ ತುಂಡು ಮತ್ತೆ ಒಡೆದಿರಬೇಕು ಎಂದ. ಮರಿ ಹಾಕಿರಬೇಕು ಎಂದ. ಒಂದು ತುಂಡು ಘಟಪ್ರಭೆಯ ಧಬಧಬೆಯಲ್ಲಿ ಬಿದ್ದಿರಬೇಕು, ಗೋಕಾಕ ಫಾಲ್ಸಿನ ನೀರು ಆ ವಾರ ಬೆಚ್ಚಗಿತ್ತೆಂದು ಗಿರಣಿಗೆ ಹೋಗುವವರು ಹೇಳಿದರು ಎಂದ. ಹಿಂಡು ಬೇರೆ ಹೊಲಕ್ಕೆ ಹೋಗಬೇಕಾಗಿದ್ದ ದಿನ ದಾಟಿತು. ನೇಮಣ್ಣ ಏನೂ ಅನ್ನಲಿಲ್ಲ. ಅವನ ಹೊಲದ ತುಂಬ ಹಿಕ್ಕೆ ಬೀಳುತ್ತಿತ್ತು. ಆಕಾಶದಲ್ಲಿ ತುಂಡು ಹೆಚ್ಚಿದಷ್ಟೂ ನೆಲದಲ್ಲಿ ಗೊಬ್ಬರ ಹೆಚ್ಚುವುದನ್ನು ಅವನು ಮೊದಲ ವಾರದಲ್ಲೇ ಅರಿತಿದ್ದ.

“ಸಾವ್ಕಾರ್ರ, ನಿಮ್ಮ ಪೇಪರಿನಾಗ ಮತ್ತೇನೂ ಬರಲಿಲ್ಲೇನ್ರಿ? ತುಂಡು ಸತ್ತು ಅಂತ?” ಎಂದು ಲಗಮವ್ವ ಒಂದು ದಿನ ಕೇಳಿದಳು.

“ಬಂದ್ರ ಹೇಳೂಣಲ್ಲವ್ವಾ,” ಎಂದ ನೇಮಣ್ಣ. “ಅವಸರ ಯಾಕ? ವಿಜ್ಞಾನ ಅಂದ್ರ ಹೊತ್ತು ಹಿಡೀತೈತಿ.”

“ವಿಜ್ಞಾನ ಅಲ್ರಿ ಅದು, ಹಿಕ್ಕಿ,” ಎಂದು ಆಕೆ ಬೇಲಿಯ ಮುಳ್ಳು ಸರಿಪಡಿಸತೊಡಗಿದಳು.

ಎಳ್ಳ ಅಮಾವಾಸ್ಯೆಯ ಹಿಂದಿನ ಸಂಜೆ ಆಕೆ ದಿನ್ನೆ ಹತ್ತಿದಳು. ಯಾರನ್ನೂ ಕೇಳದೆ ನೇಮಣ್ಣನ ಕೊರಳಿನ ದಾರಕ್ಕೆ ಕೈ ಹಾಕಿದಾಗ ಅವನು ಮೈಲಿಗೆಯೋ ಮರ್ಯಾದೆಯೋ ಎಂದು ಲೆಕ್ಕ ಹಾಕುವಷ್ಟರಲ್ಲಿ ದುರ್ಬೀನು ಆಕೆಯ ಕಣ್ಣಿಗೆ ಬಂದಿತ್ತು.

ಒಂದೇ ಒಂದು ಸುಳ್ಳು ಹೇಳಿ ಮುಗಿಸಬೇಕೆಂದು ಆಕೆ ಹತ್ತಿದ್ದಳು. ‘ಅಗೋ ಇತ್ತು, ಅಗೋ ಮುಳುಗಿತು, ನಾನ ಕಂಡೆ’ ಎಂದುಬಿಡಬೇಕು. ಬಾಯಿ ತೆರೆದೂ ಇದ್ದಳು. ಆದರೆ ಕಣ್ಣಿಗೆ ಬಿದ್ದದ್ದು ಬಾಯಿಯನ್ನು ಹಾಗೇ ತೆರೆದು ನಿಲ್ಲಿಸಿತು. ಬರಿಗಣ್ಣಿಗೆ ಕಪ್ಪಗೆ, ಖಾಲಿಯಾಗಿ ಕಾಣುತ್ತಿದ್ದ ಜಾಗದಲ್ಲಿ ಹಿಟ್ಟು ಜರಡಿ ಹಿಡಿದಂತೆ ಚಿಕ್ಕಿಗಳು. ದುರ್ಬೀನನ್ನು ಅತ್ತ ಹೊರಳಿಸಿದಳು, ಅಲ್ಲಿಯೂ. ಇತ್ತ ಹೊರಳಿಸಿದಳು, ಇಲ್ಲಿಯೂ. ಹೆಸರಿಲ್ಲದವು, ಯಾರೂ ಎಣಿಸದವು, ಒಂದೂ ಕಿವಿ ಕೊಯ್ಯಿಸಿಕೊಳ್ಳದವು. ಆಕೆಗೆ ತಿಳಿಯಿತು: ಹುಡುಕಿದಷ್ಟೂ ಇನ್ನಷ್ಟು ಸಿಗುವ ಜಾಗದಲ್ಲಿ ಇವರು ತನ್ನನ್ನು ಕಾಯಲು ಕೂರಿಸಿದ್ದಾರೆ. ಇದರಲ್ಲಿ ಯಾವುದನ್ನು ಬೇಕಾದರೂ ವೀರಪ್ಪ ತುಂಡು ಎನ್ನಬಹುದು. ಇದು ಖಾಲಿಯಾಗುವ ಆಕಾಶವಲ್ಲ.

“ಏನ್ ಕಾಣಾಕತ್ತೈತಿ?” ಎಂದು ವೀರಪ್ಪ ಕೇಳಿದ. ದನಿಯಲ್ಲಿ ಅಂಜಿಕೆ ಇತ್ತು.

“ಭಾಳ,” ಎಂದಳು.

“ನೋಡ್ರಿ ಯಜ್ಜಾ, ಅಕಿನ ಅಂದ್ಲು! ಭಾಳ ಅದಾವಂತ!” ವೀರಪ್ಪ ಎರಡೂ ಕೈ ಎತ್ತಿದ. “ಅಕೀ ಬಾಯಿಂದನ ಬಂತು!”

ಶಿದ್ರಾಮಜ್ಜ ನಿಟ್ಟುಸಿರು ಬಿಟ್ಟ. “ಹೋಳಿಹುಣ್ಣಿಮಿ ದಾಟ್ಲಿ ತಂಗಿ. ಆಮ್ಯಾಲ ನೋಡೂಣು.”

ಲಗಮವ್ವ ದುರ್ಬೀನನ್ನು ನೇಮಣ್ಣನ ಎದೆಗೆ ಒತ್ತಿ, ದಿನ್ನೆ ಇಳಿದು ಹೋದಳು. ಅದನ್ನು ನೋಡಿ ವೀರಪ್ಪ ಗೆದ್ದೆನೆಂದುಕೊಂಡ.

ಎಳ್ಳ ಅಮಾವಾಸ್ಯೆಯ ದಿನ ಊರೆಲ್ಲ ಹೊಲದಲ್ಲಿತ್ತು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ನೆರಳು ನೋಡಿಕೊಂಡು ಊಟಕ್ಕೆ ಕೂತಿದ್ದರು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಕಡುಬು. ನೇಮಣ್ಣನ ಮನೆಯವರು ಒಂದು ಕಡೆ, ಕುರುಬರು ಒಂದು ಕಡೆ, ಆಳುಗಳು ಇನ್ನೂ ದೂರ. ನಡುಮಧ್ಯಾಹ್ನ. ಹೊಳೆಪ್ಪ ಬಂದ. ಕತ್ತಲಾಗುವ ತನಕ ಹಳ್ಳದಲ್ಲಿ ಕೂತಿರಬೇಕಾದವನು, ಲಗಮವ್ವ ಬೆಳಿಗ್ಗೆ ಹೇಳಿ ಕಳಿಸಿದಂತೆ ನಡುಹೊಲದ ಬದುವಿನ ಮೇಲೆಯೇ ನಡೆದು ಬಂದ. ಬೆವತಿದ್ದ. ಕಂಕುಳಲ್ಲಿ ಗಂಟಿತ್ತು.

ಲಗಮವ್ವ ಕೈ ತೊಳೆದುಕೊಂಡು ಎದ್ದಳು.

“ತಾ,” ಎಂದಳು.

“ಇಲ್ಲೇನ?”

“ಇಲ್ಲೇ. ತಾ.”

ಹಸಿರು ಸೀರೆ. ಆಕೆ ಅದನ್ನು ಝಾಡಿಸಿ ಬಿಚ್ಚಿ, ಹಳೆಯದರ ಮೇಲೆಯೇ ಸುತ್ತಿಕೊಳ್ಳತೊಡಗಿದಳು. ಒಂದು ಚುಂಗನ್ನು ಹೊಳೆಪ್ಪನ ಕೈಗೆ ಕೊಟ್ಟು, “ಹಿಡಿ, ಉಡಸಾಂವ ನೀನು,” ಎಂದಳು. ಅವನು ಅತ್ತಿತ್ತ ನೋಡಿ ಹಿಡಿದ.

“ಏ! ಏ! ಮುತ್ತೈದೇರು ಕಣ್ ಮುಚ್ರಿ!” ಎಂದು ವೀರಪ್ಪ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಕೂಗಿದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಉದ್ದವ್ವ ಕಡುಬು ಮುರಿದು ತುಪ್ಪದಲ್ಲಿ ಅದ್ದುತ್ತ, ಕಣ್ಣ ರೆಪ್ಪೆ ಬಡಿಯದೆ ನೋಡುತ್ತಿದ್ದಳು. “ಸೀರಿ ಛಲೋ ಐತಿ,” ಎಂದಳು.

“ಯಜ್ಜಾ, ಏನ್ ನೋಡ್ಕೊಂತ ಕುಂತೀರಿ? ತುಂಡು ಇನ್ನೂ ಸಿಕ್ಕಿಲ್ಲ!”

“ತುಂಡು ಎಂದೂ ಸಿಗಂಗಿಲ್ಲ ಯಜ್ಜಾ,” ಎಂದಳು ಲಗಮವ್ವ ನೆರಿಗೆ ಹಿಡಿಯುತ್ತ. “ನಿನ್ನೆ ನಾನ ನೋಡೇನಿ. ಅಲ್ಲಿ ಇರೂದು ನೀವು ಸಾಯೂತನಕ, ನಿಮ್ಮ ಮೊಮ್ಮಕ್ಕಳು ಸಾಯೂತನಕ ಹುಡುಕಿದ್ರೂ ತೀರಂಗಿಲ್ಲ. ಯಾರೂ ನೋಡಬಾರದು ಅಂದ್ರಿ, ಚಿಕ್ಕಿ ನೋಡತೈತಿ ಅಂದ್ರಿ. ಈಗ ಎಲ್ಲಾರೂ ನೋಡ್ರಿ. ಚಿಕ್ಕೀನೂ ನೋಡ್ಲಿ, ಅದರ ತುಂಡೂ ನೋಡ್ಲಿ. ಸಾವ್ಕಾರ್ರ, ನಿಮಗ ದೂರ ಆದ್ರ ದುರ್ಬೀನು ತಗೋರಿ.”

ಆಳುಗಳ ಕಡೆಯಿಂದ ಯಾರೋ ಸಿಳ್ಳೆ ಹಾಕಿದರು. ನೇಮಣ್ಣ ಅತ್ತ ತಿರುಗಿ ನೋಡಿದ. ಆಳುಗಳೆಲ್ಲ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು.

ಆಕೆ ಹಟ್ಟಿಯ ಮುಳ್ಳುಬೇಲಿ ಸರಿಸಿ, ನಾಲಿಗೆ ಮಡಚಿ “ಹುರ್ರ್ಯಾ” ಎಂದು ಕರೆದಳು. ತವರಿನ ಕುರಿಗಳು ಹಿಂಡಿನಿಂದ ಬಿಡಿಸಿಕೊಂಡು ಬಂದವು. ವೀರಪ್ಪ ಓಡಿಬಂದು ಒಂದರ ಎಡಗಿವಿ ಹಿಡಿದ. “ನನ್ನ ಗುರುತು! ನೋಡ್ರಿ!”

ಶಿದ್ರಾಮಜ್ಜ ಬಂದು ಆ ಕುರಿಯ ಬಲಗಿವಿ ನೋಡಿದ, ಎಡಗಿವಿ ನೋಡಿದ. ಬಲಗಿವಿಯ ಗಾಯ ಮಾಗಿ ಹಳತಾಗಿತ್ತು. ಅದು ಅವನಿಗೆ ಮೊದಲೂ ಗೊತ್ತಿತ್ತು, ಕೇಳಿದವರು ಇರಲಿಲ್ಲ. ಈಗ ಊರೆಲ್ಲ ಕೈ ತೊಳೆಯದೆ ನಿಂತು ನೋಡುತ್ತಿತ್ತು.

“ಬಿಡು ವೀರಪ್ಪಾ,” ಎಂದ.

ವೀರಪ್ಪ ಬಿಟ್ಟ. ಕುರಿ ಹೋಗಿ ಉಳಿದವುಗಳ ಜೊತೆ ಕೂಡಿಕೊಂಡಿತು.

ಕಟ್ಟು ಪೂರಾ ಮುರಿದುಹೋಗುವುದೆಂಬ ಹೆದರಿಕೆ ಶಿದ್ರಾಮಜ್ಜನ ಮುಖದಲ್ಲಿ ಕಾಣಿಸಿತು. ಒಂದು ಚೂರನ್ನಾದರೂ ಉಳಿಸಿಕೊಳ್ಳಬೇಕೆಂದು ಅವನು ತನ್ನ ಹೆಗಲ ಕಂಬಳಿ ತೆಗೆದು ಆಕೆಯ ಕಡೆ ಚಾಚಿದ. ದನಿ ಇಳಿಸಿದ.

“ಆತವ್ವಾ. ಸೀರಿ ಉಟ್ಟಿ, ಕುರಿ ತಗೊಂಡಿ, ನಾ ಏನೂ ಅನ್ನಂಗಿಲ್ಲ. ಇಷ್ಟರ ಮಾಡು. ಈ ಕಂಬಳಿ ಮಾರಿ ಮ್ಯಾಲ ಹಾಕ್ಕೊಂಡು ಹಳ್ಳದ ದಾರಿ ಹಿಡಿ. ಊರಾಗ ಹಾಯ್ದು ಹೋಗಬ್ಯಾಡ. ನನ್ನ ಮಾತಿಗೆ ಒಂದೀಟು ಕಿಮ್ಮತ್ತು ಇರ್ಲಿ.”

ಲಗಮವ್ವ ಕಂಬಳಿಯನ್ನು ನೋಡಿದಳು. ಹೊಳೆಪ್ಪ ಆಕೆಯ ಬಾಜೂಕ್ಕೆ ಸರಿದು, ಯಾರಿಗೂ ಕೇಳದಂತೆ, “ಹಾಕ್ಕೊಂಡ್ಬಿಡು. ಹಳ್ಳ ದಾಟೂತನಕ ಅಷ್ಟ. ಹೋಗಿಬಿಡೂಣು,” ಎಂದ.

ಆಕೆ ಅವನ ಮುಖವನ್ನೂ ನೋಡಿದಳು. ಹೊಸದಾಗಿ ಬೋಳಿಸಿದ ತುಟಿಯ ಮೇಲೆ ಬೆವರು ನಿಂತಿತ್ತು. ಒಳ್ಳೆಯವನೇ. ಅಂಜಿದ್ದಾನೆ.

“ನೀನು ಹಳ್ಳದಾಗ ಹಾಯ್ದು ಬಾ ಬೇಕಾದ್ರ,” ಎಂದಳು. “ನಾನು ಊರಾಗ ಹಾಯ್ದು ಹೊಂಟೇನಿ. ಮಾರಿ ಮುಚ್ಚಂಗಿಲ್ಲ.”